ಹೊಸ ಕಾರಿನ ರೇಡಿಯೋ ಹೇಗೆ ಮಾತನಾಡುತ್ತದೆ?

(ವಿಕ್ರೋಳಿಯ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ ಭಾಷಣ)



ಇಂದು ನಾವು ಹೇಳಹೊರಟಿರುವುದು ಸಾಹಿತ್ಯದ ವಿಷಯವಲ್ಲ, ಸಂಗೀತದ್ದೂ ಅಲ್ಲ. ಸಂಗೀತವನ್ನು ಕೇಳಿಸುವ ಒಂದು ಯಂತ್ರದ ವಿಷಯ. ಹೊಸ ಕಾರುಗಳ ಮುಂಭಾಗದಲ್ಲಿ, ಸ್ಟಿಯರಿಂಗಿನ ಪಕ್ಕದಲ್ಲಿ, ಮಕ್ಕಳ ಸ್ಲೇಟಿನಂತೆ ನಿಂತಿರುವ ಪರದೆಯನ್ನು ತಾವೆಲ್ಲ ನೋಡಿದ್ದೀರಿ. ಚಾಲಕರು ಅದನ್ನು ‘ಸಿಸ್ಟಂ’ ಎನ್ನುತ್ತಾರೆ, ಅಂಗಡಿಯವರು ‘ಸ್ಟೀರಿಯೋ’ ಎನ್ನುತ್ತಾರೆ, ಕಂಪನಿಯವರು ‘ಇನ್ಫೋಟೈನ್‌ಮೆಂಟ್’ ಎಂಬ ಉದ್ದದ ಹೆಸರಿನಿಂದ ಕರೆಯುತ್ತಾರೆ.

ನಾವು ಇಂಜಿನಿಯರರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಹೀಗಿದ್ದೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಚಾಲಕರು ಬಹಳ ಮಂದಿ. ಅವರಲ್ಲೊಬ್ಬರು ಒಂದು ಅಂಗಡಿಯಲ್ಲಿ ತಮ್ಮ ಟ್ಯಾಕ್ಸಿಯ ಹಳೆಯ ಸೆಟ್ಟನ್ನು ತೆಗೆಸಿ ದೊಡ್ಡ ಪರದೆಯದನ್ನು ಹಾಕಿಸಿದರು. ಹಾಡೇನೋ ಚೆನ್ನಾಗಿ ಬಂದಿತು. ಆದರೆ ಸ್ಟಿಯರಿಂಗಿನ ಮೇಲಿನ ಗುಂಡಿಗಳು ಕೆಲಸ ಬಿಟ್ಟವು. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಬರುತ್ತಿದ್ದ ಎಚ್ಚರಿಕೆಯ ದನಿ ನಿಂತಿತು. ಹಬ್ಬಕ್ಕೆಂದು ಎರಡು ದಿನ ಗಾಡಿ ನಿಲ್ಲಿಸಿದ್ದರು. ಮೂರನೆಯ ದಿನ ಬೆಳಗಿನ ಜಾವ ಅದು ಚಾಲೂ ಆಗಲೇ ಇಲ್ಲ, ಬ್ಯಾಟರಿ ಖಾಲಿ. ವಿಮಾನ ನಿಲ್ದಾಣದ ಬಾಡಿಗೆ ಕೈತಪ್ಪಿತು. “ರೇಡಿಯೋ ಬದಲಾಯಿಸಿದರೆ ಗಾಡಿ ಏಕೆ ನಿಲ್ಲಬೇಕು?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲು ಹಳೆಯ ಕಾಲವನ್ನು ಸ್ವಲ್ಪ ನೋಡೋಣ. 1930ರಲ್ಲಿ ಅಮೆರಿಕದ ಗಾಲ್ವಿನ್ ಸೋದರರ ಕಂಪನಿಯು ಕಾರಿಗೆಂದೇ ಒಂದು ರೇಡಿಯೋ ಮಾಡಿ, ‘ಮೋಟೊರೋಲಾ’ ಎಂದು ಹೆಸರಿಟ್ಟು ಮಾರಿತು. ಐದು ವರ್ಷಗಳ ಮೇಲೆ, 1935ರಲ್ಲಿ, ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದು ‘ಆಕಾಶವಾಣಿ’ ಎಂದು ಕರೆದರು. ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಇನ್ನು ಮುಂಬಯಿಗೆ ಬಂದರೆ, ಇಲ್ಲಿಂದ ಮೂರನೆಯ ಸ್ಟೇಷನ್ನಾದ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯ ಮೋಟಾರು ಕಾರ್ಖಾನೆ ಇದ್ದಿತು. ಆ ಕಂಪನಿಯ ಪದ್ಮಿನಿ ಗಾಡಿಯೇ ದಶಕಗಳ ಕಾಲ ಈ ನಗರದ ಕಪ್ಪು-ಹಳದಿ ಟ್ಯಾಕ್ಸಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿ, 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು.

ಪದ್ಮಿನಿಯಂಥ ಗಾಡಿಯಲ್ಲಿ ರೇಡಿಯೋ ಹಾಕುವುದು ಸುಲಭದ ಕೆಲಸ. ಬ್ಯಾಟರಿಯಿಂದ ಒಂದು ತಂತಿ, ಗಾಡಿಯ ಮೈಗೆ ಒಂದು, ಏರಿಯಲ್ಲಿನದು ಒಂದು, ಸ್ಪೀಕರಿಗೆ ಒಂದು ಜೋಡಿ. ಅಷ್ಟೆ. ಆ ಪೆಟ್ಟಿಗೆಗೂ ಗಾಡಿಯ ಉಳಿದ ಭಾಗಗಳಿಗೂ ಮಾತೇ ಇರಲಿಲ್ಲ. ಕಿತ್ತು ಬೇರೊಂದನ್ನು ಹಾಕಿದರೆ ಗಾಡಿಗೆ ಗೊತ್ತೂ ಆಗುತ್ತಿರಲಿಲ್ಲ.

ಈಗ ಹಾಗಲ್ಲ. ಬಾಗಿಲು ತೆರೆದಿದೆಯೇ, ವೇಗ ಎಷ್ಟು, ಗೇರು ಯಾವುದು ಎಂಬ ನೂರು ಸುದ್ದಿಗಳನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ತಲುಪಿಸಬೇಕು. ಒಂದೊಂದು ಸುದ್ದಿಗೆ ಒಂದೊಂದು ತಂತಿ ಎಳೆಯುತ್ತ ಹೋದರೆ ಗಾಡಿಯ ತುಂಬ ತಂತಿಯೇ ಆದೀತು. ಇದಕ್ಕೆ ಪರಿಹಾರವಾಗಿ ಜರ್ಮನಿಯ ಬಾಷ್ ಕಂಪನಿಯವರು 1983ರಲ್ಲಿ ಕೆಲಸ ಆರಂಭಿಸಿ, 1986ರಲ್ಲಿ ‘ಕ್ಯಾನ್’ ಎಂಬ ಏರ್ಪಾಟನ್ನು ಲೋಕದ ಮುಂದಿಟ್ಟರು. ಬೆಂಗಳೂರಿನವರು ‘ಮೈಕೋ’ ಎಂದು ಕರೆಯುತ್ತಿದ್ದ ಕಂಪನಿ ಈ ಬಾಷ್ ಕುಟುಂಬದ್ದೇ. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು.

ಕ್ಯಾನ್ ಎಂದರೆ ಒಂದಕ್ಕೊಂದು ಹೊಸೆದ ಎರಡು ತಂತಿಗಳು. ಎಲ್ಲ ಪೆಟ್ಟಿಗೆಗಳೂ ಆ ಎರಡೇ ತಂತಿಗಳಿಗೆ ಅಂಟಿಕೊಂಡಿರುತ್ತವೆ. ಇದು ಹೇಗೆ ನಡೆಯುತ್ತದೆ? ನಮ್ಮ ವಿಕ್ರೋಳಿ ಸ್ಟೇಷನ್ನಿನ ಧ್ವನಿವರ್ಧಕವನ್ನು ನೆನೆಯಿರಿ. ಕಲ್ಯಾಣದ ಸ್ಲೋ ಲೋಕಲ್ ಬರುತ್ತಿದೆ ಎಂದು ಅದು ಕೂಗುತ್ತದೆ. ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕೇಳುವವರು ಎಲ್ಲರೂ, ಏಳುವವರು ಆ ಕಡೆಗೆ ಹೋಗುವವರು ಮಾತ್ರ. ಕ್ಯಾನ್ ತಂತಿಯಲ್ಲಿಯೂ ಸುದ್ದಿಗೆ ವಿಳಾಸವಿಲ್ಲ, ಸುದ್ದಿಯ ಸಂಖ್ಯೆ ಮಾತ್ರ ಇರುತ್ತದೆ. ‘ಹಿಂದಿನ ಗೇರು ಬಿದ್ದಿತು’ ಎಂಬ ಕೂಗು ಹೊರಟಿತೆನ್ನಿ. ಹಿಂದಿನ ದೀಪ ಹೊತ್ತಿಸುವ ಪೆಟ್ಟಿಗೆ ಅದನ್ನು ಕೇಳಿ ತನ್ನ ಕೆಲಸ ಮಾಡುತ್ತದೆ. ರೇಡಿಯೋ ಸೆಟ್ಟು ಅದೇ ಕೂಗನ್ನು ಕೇಳಿ ಹಾಡನ್ನು ತಗ್ಗಿಸಿ, ಪರದೆಯ ಮೇಲೆ ಹಿಂದಿನ ಕ್ಯಾಮೆರಾದ ಚಿತ್ರವನ್ನು ತೋರಿಸುತ್ತದೆ. ವೇಗ ಹೆಚ್ಚಿತೆಂಬ ಸುದ್ದಿ ಕೇಳಿದರೆ, ಗಾಳಿಯ ಸದ್ದಿನಲ್ಲಿ ಮುಳುಗದಂತೆ ದನಿಯನ್ನು ತಾನಾಗಿ ಏರಿಸುವ ಸೆಟ್ಟುಗಳೂ ಇವೆ.

ಇಬ್ಬರು ಒಟ್ಟಿಗೆ ಕೂಗಿದರೆ? ಅದಕ್ಕೂ ನಿಯಮವಿದೆ. ಸುದ್ದಿಯ ಸಂಖ್ಯೆ ಚಿಕ್ಕದಾದಷ್ಟೂ ಅದರ ದರ್ಜೆ ಹೆಚ್ಚು. ಪ್ರತಿ ಪೆಟ್ಟಿಗೆಯೂ ಹೇಳುತ್ತಲೇ ತಂತಿಯನ್ನು ಕೇಳುತ್ತಿರುತ್ತದೆ. ತನಗಿಂತ ಚಿಕ್ಕ ಸಂಖ್ಯೆಯವನು ಮಾತನಾಡುತ್ತಿದ್ದಾನೆಂದು ತಿಳಿದ ಕೂಡಲೇ ಸುಮ್ಮನಾಗಿ ಸರದಿ ಕಾಯುತ್ತದೆ. ಎರಡು ಮಾತೂ ಕೆಡುವುದಿಲ್ಲ. ಮನುಷ್ಯರ ಸಭೆಗಳಲ್ಲಿಯೂ ಇಂಥ ನಿಯಮ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು!

ಆದರೆ ಈ ತಂತಿಯಲ್ಲಿ ಹಾಡು ಹೋಗುವುದಿಲ್ಲ, ಅಪ್ಪಣೆಗಳು ಮಾತ್ರ ಹೋಗುತ್ತವೆ. ಏಕೆಂಬುದನ್ನು ಗುಮಾಸ್ತರಾದ ನಾವು ಲೆಕ್ಕ ಹಾಕಿ ನೋಡಬಹುದು. ಸಿ.ಡಿ.ಯ ಹಾಡಿನಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಅಂದರೆ ಸೊನ್ನೆ ಇಲ್ಲವೆ ಒಂದು ಎಂಬ 16 ಅಂಕಗಳು. ಎಡಬಲಗಳಿಗೆಂದು ಅದರ ಎರಡರಷ್ಟು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್ ಆಯಿತು. ಮೂಲ ಕ್ಯಾನ್ ತಂತಿ ಸಾಗಿಸಬಲ್ಲುದು ಹೆಚ್ಚೆಂದರೆ ಸೆಕೆಂಡಿಗೆ 10 ಲಕ್ಷ ಬಿಟ್. ಕಾಲುದಾರಿಯಲ್ಲಿ ಲಾರಿ ಹೋಗದು. ಆದುದರಿಂದ ದನಿಗೆ ಬೇರೆ ದಾರಿ ಬೇಕಾಯಿತು.

ಸಾಮಾನ್ಯ ಕಾರುಗಳಲ್ಲಿ ಆ ದಾರಿ ಹಳೆಯದೇ: ಸೆಟ್ಟಿನೊಳಗೇ ದನಿ ಬಲಿಯುತ್ತದೆ, ಅಲ್ಲಿಂದ ಸ್ಪೀಕರುಗಳಿಗೆ ತಂತಿ ಹೋಗುತ್ತದೆ. ದುಬಾರಿ ಕಾರುಗಳಲ್ಲಿ ಸೆಟ್ಟು ಒಂದು ಕಡೆ, ದನಿ ಬಲಿಸುವ ಆಂಪ್ಲಿಫೈಯರ್ ಡಿಕ್ಕಿಯಲ್ಲಿ, ಫೋನಿನ ಪೆಟ್ಟಿಗೆ ಮತ್ತೊಂದು ಕಡೆ. ಇವುಗಳನ್ನು ಜೋಡಿಸಲು 2001ರ ಬಿ.ಎಂ.ಡಬ್ಲ್ಯು. 7 ಸೀರೀಸ್ ಗಾಡಿಯಲ್ಲಿ ‘ಮೋಸ್ಟ್’ ಎಂಬ ಏರ್ಪಾಟು ಬಂದಿತು. ತಾಮ್ರದ ತಂತಿಯ ಬದಲು ಪ್ಲಾಸ್ಟಿಕ್ಕಿನ ಎಳೆ. ಅದರೊಳಗೆ ಕೆಂಪು ಬೆಳಕು. ಸೆಕೆಂಡಿಗೆ ಸುಮಾರು ಎರಡೂವರೆ ಕೋಟಿ ಬಿಟ್. ಪೆಟ್ಟಿಗೆಗಳೆಲ್ಲ ಬಳೆಯಾಕಾರದಲ್ಲಿ ಕುಳಿತು, ಡಬ್ಬಾವಾಲರು ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಬೆಳಕನ್ನು ದಾಟಿಸುತ್ತವೆ. ಇದರಲ್ಲಿ ಒಂದು ದೋಷವಿದೆ: ಒಂದು ಕೈ ತಪ್ಪಿದರೆ ಇಡೀ ಬಳೆ ಮೂಕವಾಗುತ್ತದೆ. ಅನಂತರ ಒಂದೇ ಜೊತೆ ತಂತಿಯಲ್ಲಿ ನಡೆಯುವ ಈಥರ್‌ನೆಟ್ ಮತ್ತು ‘ಎ-ಟು-ಬಿ’ ಎಂಬ ಏರ್ಪಾಟುಗಳು ಬಂದವು.

ದಾರಿ ಯಾವುದೇ ಇರಲಿ, ಎಲ್ಲ ಪೆಟ್ಟಿಗೆಗಳ ಗಡಿಯಾರ ಒಂದೇ ಇರಬೇಕು. ಮುಂದಿನ ಸ್ಪೀಕರು ಒಂದು ಗಳಿಗೆ ಮುಂದೆ, ಹಿಂದಿನದು ಒಂದು ಗಳಿಗೆ ಹಿಂದೆ ಹಾಡಿದರೆ ಅದು ಸಂಗೀತವಲ್ಲ, ಸಂತೆ. ಹಿಂದೆ ಗಿರಣಗಾಂವಿನಲ್ಲಿ ಭೋಂಗಾ ಕೂಗಿದರೆ ಎಲ್ಲರೂ ಕೈಗಡಿಯಾರವನ್ನು ಅದಕ್ಕೆ ಸರಿಮಾಡಿಕೊಳ್ಳುತ್ತಿದ್ದರಲ್ಲವೇ? ಇಲ್ಲಿಯೂ ಒಂದು ಪೆಟ್ಟಿಗೆ ಭೋಂಗಾದ ಕೆಲಸ ಮಾಡುತ್ತದೆ, ಉಳಿದವು ಅದನ್ನು ಅನುಸರಿಸುತ್ತವೆ.

ಇನ್ನು ಫೋನಿನ ವಿಷಯ. ಬ್ಲೂಟೂತ್ ಎಂಬುದು ತಂತಿಯಿಲ್ಲದ ಜೋಡಣೆ. ಆದರೆ ಅದು ಒಂದೇ ಕೆಲಸವಲ್ಲ, ಮೂರು ಕೆಲಸ. ಹಾಡನ್ನು ಕಳಿಸುವುದು ಒಂದು, ಕರೆಯ ಮಾತನ್ನು ಕಳಿಸುವುದು ಇನ್ನೊಂದು, ನಿಮ್ಮ ಫೋನಿನಲ್ಲಿರುವ ಹೆಸರು-ನಂಬರುಗಳ ಪಟ್ಟಿಯನ್ನು ಗಾಡಿಗೆ ಕೊಡುವುದು ಮೂರನೆಯದು. ಈ ಮೂರನೆಯದನ್ನು ದಯವಿಟ್ಟು ನೆನಪಿಡಿ, ಕೊನೆಯಲ್ಲಿ ಮತ್ತೆ ಹೇಳುತ್ತೇವೆ. 2014ರಲ್ಲಿ ಪ್ರಕಟವಾದ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎಂಬವುಗಳ ರೀತಿ ಬೇರೆ. ಅಲ್ಲಿ ಕೆಲಸವೆಲ್ಲ ಫೋನಿನದೇ. ಗಾಡಿಯ ಪರದೆ ಫೋನು ಕಳಿಸಿದ ಚಿತ್ರವನ್ನು ತೋರಿಸಿ, ನಿಮ್ಮ ಬೆರಳು ಎಲ್ಲಿ ಮುಟ್ಟಿತೆಂಬುದನ್ನು ಹಿಂದಕ್ಕೆ ಹೇಳುತ್ತದೆ. ಆದುದರಿಂದ ಗೂಗಲ್ ನಕ್ಷೆಯ ದಾರಿ ಹೇಳುವ ದನಿ ಕನ್ನಡದಲ್ಲಿ ಬೇಕಾದರೆ ಬದಲಾಯಿಸಬೇಕಾದುದು ಫೋನಿನಲ್ಲಿ, ಗಾಡಿಯಲ್ಲಲ್ಲ. ಹಾಗೆ ಬದಲಾಯಿಸಿಕೊಳ್ಳಲು ಸಾಧ್ಯವಿದೆ.

ಹಾಡು, ದಾರಿ ಹೇಳುವ ದನಿ, ಕರೆ, ಎಚ್ಚರಿಕೆ ಇವೆಲ್ಲಕ್ಕೂ ಸ್ಪೀಕರು ಅವೇ. ಯಾರಿಗೆ ಯಾವಾಗ ಬಿಟ್ಟುಕೊಡಬೇಕೆಂಬುದನ್ನು ಸೆಟ್ಟಿನೊಳಗಿನ ಕಾರ್ಯಕ್ರಮ ತೀರ್ಮಾನಿಸುತ್ತದೆ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಬೆಲ್ಟ್ ಹಾಕದಿದ್ದರೆ, ವೇಗ 80 ಕಿಲೋಮೀಟರ್ ದಾಟಿದರೆ, ಹಿಂದೆ ತೆಗೆಯುವಾಗ ಏನಾದರೂ ಅಡ್ಡ ಬಂದರೆ ಸದ್ದು ಮಾಡಿ ಎಚ್ಚರಿಸುವ ಏರ್ಪಾಟು ಕಡ್ಡಾಯವಾಯಿತು. ಕೆಲವು ಗಾಡಿಗಳಲ್ಲಿ ಈ ಸದ್ದಿಗೆ ಬೇರೆ ಪುಟ್ಟ ಗಂಟೆ ಇರುತ್ತದೆ, ಕೆಲವುಗಳಲ್ಲಿ ಅದು ರೇಡಿಯೋ ಸೆಟ್ಟಿನ ಮೂಲಕವೇ ಬರುತ್ತದೆ. ಅಂಥ ಗಾಡಿಯಲ್ಲಿ ಸೆಟ್ಟನ್ನು ಕಿತ್ತರೆ ಎಚ್ಚರಿಕೆಯೂ ಹೋಗುತ್ತದೆ. ಗಾಡಿಯ ಹಿಂದೆ ಆಡುತ್ತಿರುವ ಮಗುವಿನ ಪ್ರಾಣದ ಪ್ರಶ್ನೆ ಇದು.

ಈಗ ನಮ್ಮ ಚಾಲಕ ಮಿತ್ರರ ಪ್ರಶ್ನೆಗೆ ಉತ್ತರ ಸಿಕ್ಕಿತು. ಸ್ಟಿಯರಿಂಗಿನ ಗುಂಡಿಗಳು ಹೇಳುವ ಭಾಷೆ ಹೊಸ ಸೆಟ್ಟಿಗೆ ತಿಳಿಯಲಿಲ್ಲ. ಅದಕ್ಕೆ ನಡುವೆ ಒಬ್ಬ ದುಭಾಷಿ ಬೇಕು. ಅಂಗಡಿಯವರು ಅದನ್ನು ‘ಕ್ಯಾನ್‌ಬಸ್ ಬಾಕ್ಸ್’ ಎನ್ನುತ್ತಾರೆ. ಇನ್ನು ಬ್ಯಾಟರಿ. ಗಾಡಿಗೆ ಬೀಗ ಹಾಕಿದ ಮೇಲೆ ಪೆಟ್ಟಿಗೆಗಳೆಲ್ಲ ಮಾತು ನಿಲ್ಲಿಸಿ ಒಂದೊಂದಾಗಿ ಮಲಗಬೇಕು. ತಪ್ಪಾಗಿ ಜೋಡಿಸಿದ ಒಂದು ಪೆಟ್ಟಿಗೆ ಎಚ್ಚರವಾಗಿದ್ದು ಮಾತನಾಡುತ್ತಲೇ ಇದ್ದರೆ ಉಳಿದವೂ ಮಲಗುವುದಿಲ್ಲ. ಚಾಳಿನಲ್ಲಿ ಒಂದು ಕೋಣೆಯವರು ರಾತ್ರಿಯೆಲ್ಲ ಗಲಾಟೆ ಮಾಡಿದಂತೆ. ಬರಿಯ ಒಂದು ಆಂಪಿಯರ್ ವಿದ್ಯುತ್ತು ಹರಿಯುತ್ತಿದ್ದರೂ 24 ಗಂಟೆಯಲ್ಲಿ 24 ಆಂಪಿಯರ್-ಗಂಟೆ ಖರ್ಚು. 45ರ ಬ್ಯಾಟರಿ ಎರಡು ದಿನಕ್ಕೆ ಮುಗಿಯಿತು.

ಇನ್ನೊಂದು ಮಾತು. 2015ರಲ್ಲಿ ಅಮೆರಿಕದಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವ್ಯಾಲಸೆಕ್ ಎಂಬ ಇಬ್ಬರು, ಜೀಪ್ ಚೆರೋಕಿ ಗಾಡಿಯ ಈ ರೇಡಿಯೋ ಸೆಟ್ಟಿನ ಮೂಲಕವೇ ದೂರದಿಂದ ಒಳಹೊಕ್ಕು, ಓಡುತ್ತಿದ್ದ ಗಾಡಿಯ ಹತೋಟಿ ಹಿಡಿದು ತೋರಿಸಿದರು. ಕಂಪನಿಯು 14 ಲಕ್ಷ ವಾಹನಗಳನ್ನು ಹಿಂದೆ ಕರೆದು ಸರಿಪಡಿಸಬೇಕಾಯಿತು. ಅದಕ್ಕಾಗಿಯೇ ಸೆಟ್ಟಿನ ತಂತಿಗೂ ಬ್ರೇಕು-ಇಂಜಿನ್ನುಗಳ ತಂತಿಗೂ ನಡುವೆ ‘ಗೇಟ್‌ವೇ’ ಎಂಬ ಕಾವಲು ಪೆಟ್ಟಿಗೆ ಇಡುತ್ತಾರೆ. ಕಾವಲುಗಾರನನ್ನು ದಾಟಿಸಿ ತಂತಿ ಎಳೆಯುವ ಮೇಸ್ತ್ರಿಯ ಕೈಗೆ ಗಾಡಿ ಕೊಡಬೇಡಿ.

ಹಾಗಾದರೆ ನಾವು ಮಾಡಬೇಕಾದುದೇನು?

ದನಿ ನಿಂತರೆ ಹೊಸ ಸೆಟ್ಟಿನ ಬೆಲೆ ಕೇಳುವ ಮೊದಲು ಫ್ಯೂಸ್ ನೋಡಿ; ಹಾಕುವಾಗ ಅದೇ ಆಂಪಿಯರಿನದನ್ನೇ ಹಾಕಿ. ಒಂದೇ ಸ್ಪೀಕರು ಸತ್ತಿದ್ದರೆ ಬಾಗಿಲಿನ ಕೀಲಿನ ಬಳಿ ತಂತಿ ಮುರಿದಿದೆಯೇ ನೋಡಿಸಿ. ದಿನಕ್ಕೆ ನೂರು ಸಲ ಬಾಗುವ ಜಾಗ ಅದು.

ಸೆಟ್ಟು ಬದಲಾಯಿಸಲೇಬೇಕಾದರೆ ತಂತಿ ಕತ್ತರಿಸಲು ಬಿಡಬೇಡಿ. ಆ ಗಾಡಿಗೆ ಹೊಂದುವ ಕಪ್ಲರನ್ನೂ ದುಭಾಷಿ ಪೆಟ್ಟಿಗೆಯನ್ನೂ ಕೇಳಿ. ಹಣ ಕೊಡುವ ಮೊದಲು ಅಂಗಡಿಯ ಮುಂದೆಯೇ ಗುಂಡಿಗಳು, ಕ್ಯಾಮೆರಾ, ಎಚ್ಚರಿಕೆಯ ದನಿ ಎಲ್ಲವನ್ನೂ ಪರೀಕ್ಷಿಸಿ. ಬೀಗ ಹಾಕಿ ಸ್ವಲ್ಪ ಹೊತ್ತು ಕಾದು, ಪರದೆ ಆರಿತೇ ನೋಡಿ.

ಗ್ಯಾರೇಜಿನ ಕೆಲಸ ಕಲಿಯುತ್ತಿರುವ ತರುಣರಿಗೆ ಒಂದು ಸೂಚನೆ: ಕ್ಯಾನ್ ತಂತಿಯ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ತಡೆ ಇರುತ್ತದೆ. ಬ್ಯಾಟರಿ ಬಿಚ್ಚಿ ಎರಡು ತಂತಿಗಳ ನಡುವೆ ಅಳೆದರೆ 60 ಬರಬೇಕು. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ನೂರು ರೂಪಾಯಿಯ ದುರಸ್ತಿಗೆ ಸಾವಿರಾರು ರೂಪಾಯಿಯ ಪೆಟ್ಟಿಗೆ ಬದಲಾಯಿಸುವುದನ್ನು ಈ ಒಂದು ಅಳತೆ ತಪ್ಪಿಸೀತು. ಬೆಂಗಳೂರಿನ ಬಾಷ್, ಹರ್ಮಾನ್ ಮೊದಲಾದ ಕಂಪನಿಗಳ ಕಚೇರಿಗಳಲ್ಲಿ ಇಂಥ ಯಂತ್ರಗಳಿಗೆ ಬೇಕಾದ ಕಾರ್ಯಕ್ರಮಗಳನ್ನು ಬರೆಯುವ ಕೆಲಸ ನಡೆಯುತ್ತದೆ. ಬರೆಯುವವರು ನಮ್ಮ ನಾಡಿನಲ್ಲಿದ್ದಾರೆ. ದುರಸ್ತಿ ಮಾಡಬಲ್ಲವರೂ ನಮ್ಮಲ್ಲಿ ಏಕೆ ಇರಬಾರದು?

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಸಾಹೇಬರ ಗಾಡಿಯ ಕೆಲಸ ಬಿಡುವಾಗ, ಬಾಡಿಗೆ ಗಾಡಿ ಹಿಂದಿರುಗಿಸುವಾಗ, ಹಳೆಯ ಗಾಡಿ ಮಾರುವಾಗ, ಪರದೆಯ ಸೆಟ್ಟಿಂಗಿನಲ್ಲಿ ನಿಮ್ಮ ಫೋನಿನ ಹೆಸರನ್ನು ಅಳಿಸಿರಿ. ಊರಿನ ತಾಯಿಯ ನಂಬರು, ಅಕ್ಕತಂಗಿಯರ ನಂಬರು, ನೀವು ಯಾರಿಗೆ ಯಾವಾಗ ಕರೆ ಮಾಡಿದಿರೆಂಬುದು ಗಾಡಿಯ ನೆನಪಿನಲ್ಲಿ ಉಳಿದಿರಬಹುದು. ಕೋಣೆ ಖಾಲಿ ಮಾಡುವಾಗ ಗೋಡೆಯ ಮೇಲಿನ ಪಟಗಳನ್ನು ಬಿಟ್ಟು ಬರುತ್ತೇವೆಯೇ? ಇದೂ ಹಾಗೆಯೇ.

ಗಾಡಿಯ ಜೊತೆಗೆ ಬರುವ ಕೈಪಿಡಿಯಲ್ಲಿ ಇವುಗಳಲ್ಲಿ ಬಹಳಷ್ಟು ವಿವರಗಳಿರುತ್ತವೆ. ಅದು ಇಂಗ್ಲಿಷಿನಲ್ಲಿರುವುದರಿಂದ ಎಷ್ಟೋ ಜನರು ಅದನ್ನು ತೆರೆಯುವುದೇ ಇಲ್ಲ. ಅಂಥವರು ಯಾವ ಭಾನುವಾರವಾದರೂ ಕೈಪಿಡಿಯನ್ನು ವಾಚನಾಲಯಕ್ಕೆ ತನ್ನಿ. ಕೂಡಿ ಕುಳಿತು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳೋಣ.