ಕೈಗೊಂಡ ಕಾರ್ಯದ ಮೇರೆ

(ಶತಮಾನೋತ್ಸವದ ಕಾಮಗಾರಿ ಆರಂಭವಾಗುವ ಮುನ್ನ ಧರ್ಮಕೇಂದ್ರದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ನಮ್ಮ ದೇವಾಲಯದ ಸೋರುವ ಛಾವಣಿಯನ್ನು ಮಳೆಗಾಲಕ್ಕೆ ಮುನ್ನ ದುರಸ್ತಿ ಮಾಡಬೇಕೆಂದು ನೀವೆಲ್ಲರೂ ಕೂಡಿ ನಿರ್ಣಯಿಸಿದಿರಿ. ನಿರ್ಣಯ ಬರೆದ ಶಾಯಿ ಆರುವ ಮೊದಲೇ ಲೂರ್ದುಮಾತೆಯ ಗವಿ ಬೇಕೆಂದು ಕೆಲವರು, ನೆಲಕ್ಕೆ ಗ್ರಾನೈಟು ಹಾಸಬೇಕೆಂದು ಕೆಲವರು, ಗಂಟೆಗೋಪುರವಿಲ್ಲದೆ ಎಂತಹ ಶತಮಾನೋತ್ಸವವೆಂದು ಮತ್ತೆ ಕೆಲವರು ಬಂದರು. ಇವುಗಳಲ್ಲಿ ಒಂದೂ ಕೆಟ್ಟ ಬಯಕೆಯಲ್ಲ, ತೊಡಕಿರುವುದೇ ಅಲ್ಲಿ. ಕೆಟ್ಟ ಸಲಹೆಯನ್ನು ತಳ್ಳಿಹಾಕುವುದು ಸುಲಭ. ಭಕ್ತಿಯಿಂದ ಬಂದ ಸಲಹೆಗೆ ಬೇಡವೆನ್ನಲು ಎಲ್ಲರಿಗೂ ಸಂಕೋಚ. ಹೀಗೆ ಕೈಗೊಂಡ ಕಾರ್ಯವು ಹನುಮಂತನ ಬಾಲದಂತೆ ಬೆಳೆಯುತ್ತದೆ.

ಉತ್ತರ ಫ್ರಾನ್ಸಿನ ಬೋವೆ ನಗರದ ಪ್ರಧಾನಾಲಯದ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಅದರ ನಿರ್ಮಾಣ 1225ರಲ್ಲಿ ಆರಂಭವಾಯಿತು. ಬಲಿಪೀಠದ ಭಾಗವನ್ನು ಸುಮಾರು 48 ಮೀಟರುಗಳಷ್ಟು ಎತ್ತರಕ್ಕೆ ಕಟ್ಟಿದರು. 1284ರಲ್ಲಿ ಅದರ ಕಮಾನುಗಳಲ್ಲಿ ಕೆಲವು ಕುಸಿದವು. ಕಂಬಗಳನ್ನು ಹೆಚ್ಚಿಸಿ ಅದನ್ನು ಸರಿಪಡಿಸಿದರು. ಹದಿನಾರನೆಯ ಶತಮಾನದಲ್ಲಿ ಎರಡು ಪಕ್ಕದ ಭಾಗಗಳೂ ಎದ್ದವು. ಉಳಿದಿದ್ದುದು ಭಕ್ತಜನರು ನಿಂತು ಪ್ರಾರ್ಥಿಸುವ ಮುಂಭಾಗದ ಅಂಗಣ. ಅದನ್ನು ಬಿಟ್ಟು ಅವರು ನಡುಮಧ್ಯೆ ಗೋಪುರವನ್ನು ಎತ್ತತೊಡಗಿದರು. 1569ರಲ್ಲಿ ಅದು ಪೂರ್ಣವಾದಾಗ ಎತ್ತರ ಸುಮಾರು 153 ಮೀಟರು! ಮುಂಭಾಗದ ಅಂಗಣವಿದ್ದಿದ್ದರೆ ಆ ಬದಿಯ ಕಂಬಗಳಿಗೆ ಅದೇ ಆಸರೆಯಾಗುತ್ತಿತ್ತು. ಕಂಬಗಳು ವಾಲುತ್ತಿವೆಯೆಂದು ತಜ್ಞರು ಎಚ್ಚರಿಸಿದ್ದರು. 1573ರ ಸ್ವರ್ಗಾರೋಹಣದ ಹಬ್ಬದಂದು, ಜನರು ಮೆರವಣಿಗೆಯಲ್ಲಿ ಹೊರಗೆ ಹೋಗಿದ್ದಾಗ, ಗೋಪುರ ಕುಸಿದುಬಿತ್ತು. ಅಂಗಣವನ್ನು ಇಂದಿಗೂ ಕಟ್ಟಿಲ್ಲ. ಅದಕ್ಕಾಗಿ ಕೆಡವಬೇಕಾಗಿದ್ದ ಹತ್ತನೆಯ ಶತಮಾನದ ಪುಟ್ಟ ದೇವಾಲಯದ ಒಂದು ಭಾಗ ಈಗಲೂ ಅಲ್ಲಿಯೇ ನಿಂತಿದೆ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಎಣಿಸುವ ಸಾಮತಿಯನ್ನು ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಕೇಳಿದ್ದೇವೆ. ಒಮ್ಮೆ ಎಣಿಸಿದರೆ ಸಾಕೆಂದು ನಾವು ಭಾವಿಸುತ್ತೇವೆ. ಅಳತೆ ಬದಲಾದಾಗಲೆಲ್ಲ ಮತ್ತೊಮ್ಮೆ ಕುಳಿತು ಎಣಿಸಬೇಕೆಂಬುದು ನನ್ನ ಅಭಿಪ್ರಾಯ.

ಹಣದ ಮಾತು ಇನ್ನೂ ಗಂಭೀರವಾದುದು. ನಿರ್ದಿಷ್ಟ ಉದ್ದೇಶಕ್ಕಾಗಿ ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1267ನೆಯ ವಿಧಿ ಹೇಳುತ್ತದೆ. ಛಾವಣಿಗೆಂದು ದಿನಗೂಲಿಯ ತಾಯಿಯೊಬ್ಬಳು ಕೊಟ್ಟ ಹಣ ಗ್ರಾನೈಟಾಗುವಂತಿಲ್ಲ. ಸಭೆಯಲ್ಲಿ ಕೈಯೆತ್ತಿ ಒಪ್ಪಿಗೆ ಪಡೆದರೂ ಆಗುವಂತಿಲ್ಲ.

ಆದುದರಿಂದ ಸಮಿತಿಯವರು ಎರಡು ಪುಸ್ತಕಗಳನ್ನಿಡಲಿ. ಒಂದರಲ್ಲಿ ನಿರ್ಣಯವಾದ ಕೆಲಸ, ಅದರ ನಕ್ಷೆ, ಖರ್ಚಿನ ಅಂದಾಜು, ಮುಗಿಯಬೇಕಾದ ದಿನಾಂಕ. ಏನನ್ನು ಮಾಡುವುದಿಲ್ಲವೆಂಬುದನ್ನೂ ಅದರಲ್ಲಿ ಬರೆಯಿರಿ; ಇದನ್ನು ಯಾರೂ ಬರೆಯುವುದಿಲ್ಲ, ಜಗಳ ಹುಟ್ಟುವುದು ಇದರಿಂದಲೇ. ಹೊಸ ಕೋರಿಕೆಗಳು ಇನ್ನೊಂದು ಪುಸ್ತಕಕ್ಕೆ ಹೋಗಲಿ. ಕೆಲಸ ನಡೆಯುವಾಗ ತೊಲೆ ಗೆದ್ದಲು ತಿಂದಿರುವುದು ಕಂಡರೆ ಅದನ್ನು ಬದಲಿಸಲೇಬೇಕು. ಅದು ಹೊಸ ಬಯಕೆಯಲ್ಲ. ಮಿಕ್ಕ ಯಾವುದೇ ಸೇರ್ಪಡೆಗೆ ಎಷ್ಟು ಹಣ, ಎಷ್ಟು ದಿನ, ಯಾವ ಕೆಲಸ ಹಿಂದೆ ಬೀಳುತ್ತದೆ ಎಂಬುದನ್ನು ಬರೆದ ಮೇಲೆಯೇ ಚರ್ಚೆಯಾಗಲಿ. ಮೇಸ್ತ್ರಿಗೆ ಸಮಿತಿಯ ಕಾರ್ಯದರ್ಶಿಯ ಹೊರತು ಯಾರೂ ಆಜ್ಞೆ ಕೊಡಬಾರದು. ಈ ನಿಯಮ ಗುರುಗಳಿಗೂ ಸಲ್ಲುತ್ತದೆ.

ನನಗೂ ಗಂಟೆಗೋಪುರವೆಂದರೆ ಬಲು ಇಷ್ಟ. ಆ ಕೋರಿಕೆಯನ್ನು ಎರಡನೆಯ ಪುಸ್ತಕದ ಮೊದಲ ಪುಟದಲ್ಲಿಯೇ ಬರೆಯಲಿ. ಛಾವಣಿಯ ಲೆಕ್ಕಪತ್ರವನ್ನು ನಿಮ್ಮೆಲ್ಲರ ಮುಂದೆ ಓದಿದ ಭಾನುವಾರ ಆ ಪುಟವನ್ನು ತೆರೆಯೋಣ.