ಮನೆ ಗ್ಯಾರೇಜಿಗೆ ಕಂಪ್ರೆಸರ್: ಲೀಟರ್ ಕೇಳಿ ಮರುಳಾಗಬೇಡಿ

ನಮ್ಮ ವಡ್ಡು ಇರೋದು ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲು ಉಕ್ಕಿನ ಕಾರ್ಖಾನೆ ಹತ್ರ. ಬೈಕಿನ ಏರ್ ಫಿಲ್ಟರ್ ಬಿಚ್ಚಿದ್ರೆ ಬರೀ ಧೂಳು. ಅದಕ್ಕೇ ಹುಡುಗರು ನನ್ನ ಕೇಳ್ತಾರೆ, ಮನೆಗೆ ಯಾವ ಕಂಪ್ರೆಸರ್ ತರೋಣ ಅಂತ.

ಅಂಗಡೀಲಿ ಟ್ಯಾಂಕಿನ ಲೀಟರ್ ಹೇಳ್ತಾರೆ. ನೀವು ಸಿಎಫ್‌ಎಂ ಕೇಳಿ, ಅಂದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. ಟೈರಿಗೆ, ಧೂಳು ಊದೋಕೆ 1 ಎಚ್‌ಪಿ, 24 ಲೀಟರ್ ಸಾಕು. ಸಿಂಗಲ್ ಫೇಸಿನಲ್ಲೇ ಓಡುತ್ತೆ. ಇಡೀ ಕಾರಿಗೆ ಸ್ಪ್ರೇ ಪೇಂಟ್ ಹೊಡೀತೀನಿ ಅಂದ್ರೆ ಮಾತ್ರ ಇದು ಏದುಸಿರು ಬಿಡುತ್ತೆ.

ಸೆಕೆಂಡ್ ಹ್ಯಾಂಡ್ ಆದ್ರೆ ಮೋಟಾರಿಗಿಂತ ಮೊದಲು ಟ್ಯಾಂಕಿನ ತಳ ನೋಡ್ರಿ. ಗಾಳಿಯ ತೇವ ಒಳಗೆ ನೀರಾಗಿ ನಿಂತು ತುಕ್ಕು ಹಿಡಿಸುತ್ತೆ. ಅಂಥ ಟ್ಯಾಂಕ್ 8 ಬಾರ್ ಒತ್ತಡದಲ್ಲಿ ಒಡೆದರೆ ಪಕ್ಕದಲ್ಲಿ ನಿಂತವರ ಜೀವಕ್ಕೇ ಅಪಾಯ. ತಳದ ವಾಲ್ವ್ ತಿರುವಿದಾಗ ಕೆಂಪು ತುಕ್ಕುನೀರು ಬಂದ್ರೆ, ಎಷ್ಟೇ ಅಗ್ಗ ಇರಲಿ, ನಾನಂತೂ ಮುಟ್ಟಲ್ಲ. ವೆಲ್ಡಿಂಗ್ ಮಾಡಿಸಿ ಕೊಡ್ತೀವಿ ಅಂದ್ರೂ ಬ್ಯಾಡ್ರಿ.