ಚಕ್ರ ಬದಲಾಯಿತು, ಸ್ಟಿಯರಿಂಗ್ ನಡುಗಿತು

ವೃತ್ತೀಯ ಚಲನೆಯ ಪಾಠವನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ. ನಾನೂ ಓದಿದ್ದೆ. ಬಿ.ಎಸ್ಸಿ. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕಗಳೂ ಬಂದಿದ್ದವು. ಆದರೆ ಅದೇ ಪಾಠ ನನ್ನ ಎರಡು ಕೈಗಳಲ್ಲಿ ನಡುಗುತ್ತಿದ್ದಾಗ ನನಗೆ ಅದರ ಗುರುತು ಹತ್ತಲಿಲ್ಲ. ಇಂದು ಆ ಸಂಗತಿಯನ್ನೇ ನಿಮಗೆ ಹೇಳುತ್ತೇನೆ.

2022ರಲ್ಲಿ ನಮ್ಮ ಸಣ್ಣ ಕಾರಿನ ಉಕ್ಕಿನ ಚಕ್ರಗಳನ್ನು ತೆಗೆಸಿ, ಹೊಳೆಯುವ ಅಲಾಯ್ ಚಕ್ರಗಳನ್ನು ಹಾಕಿಸಿದೆ. ಅಳತೆ ಅದೇ 14 ಇಂಚು. ಟೈರುಗಳೂ ಹಳೆಯವೇ. ಊರೊಳಗೆ ಓಡಿಸುವಾಗ ಯಾವ ತೊಂದರೆಯೂ ಕಾಣಲಿಲ್ಲ. ತುಮಕೂರು ರಸ್ತೆಗೆ ಬಂದು ವೇಗ ಗಂಟೆಗೆ 80 ಕಿ.ಮೀ. ದಾಟಿದೊಡನೆ ಸ್ಟಿಯರಿಂಗ್ ಸಣ್ಣಗೆ ನಡುಗತೊಡಗಿತು. 90ರಲ್ಲಿ ಆ ನಡುಕ ಮೊಣಕೈವರೆಗೂ ಏರಿತು. 100ರ ಹತ್ತಿರ ಮತ್ತೆ ತಗ್ಗಿತು.

ಚಕ್ರ ಮಾರಿದ ಅಂಗಡಿಯವರು ಯಂತ್ರಕ್ಕೆ ಹಾಕಿ ಬ್ಯಾಲೆನ್ಸ್ ಮಾಡಿದರು. ಪರದೆಯ ಮೇಲೆ ಸೊನ್ನೆ ಮೂಡಿತು. ನಡುಕ ಹೋಗಲಿಲ್ಲ. ಇನ್ನೊಂದು ಕಡೆ ಮತ್ತೆ ಬ್ಯಾಲೆನ್ಸ್ ಮಾಡಿಸಿದೆ, ಅಲ್ಲೂ ಸೊನ್ನೆ. ಅಲೈನ್‌ಮೆಂಟ್ ಮಾಡಿಸಿದೆ. ಕೊನೆಗೆ ಒಬ್ಬ ಮೆಕ್ಯಾನಿಕ್, ಸ್ಟಿಯರಿಂಗ್ ರ‍್ಯಾಕನ್ನೇ ಬದಲಾಯಿಸಬೇಕು ಎಂದರು. ದಸರೆ ರಜೆಗೆ ಹೆಂಡತಿ, ಮಕ್ಕಳೊಂದಿಗೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವುದಿತ್ತು. ಸಾಲ ಮಾಡಿಯಾದರೂ ರ‍್ಯಾಕ್ ಹಾಕಿಸಿಬಿಡೋಣ ಎಂಬಲ್ಲಿಗೆ ಬಂದಿದ್ದೆ.

ಹೊರಡಲು ಎರಡು ದಿನವಿತ್ತು. ಗಾಳಿ ತುಂಬಿಸಲು ನಮ್ಮ ಬೀದಿಯ ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಗೋಳನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. “ಸಾರ್, ಹಳೇ ವೀಲ್ ಮನೇಲೇ ಐತಾ?”

ಇತ್ತು. ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಆ ಪ್ರಶ್ನೆ ಮೂರು ವಾರಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಟೈರುಗಳನ್ನು ಹಳೆಯ ಚಕ್ರಗಳಿಗೆ ಹಾಕಿಸಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿದೆ. ಸ್ಟಿಯರಿಂಗ್ ಅಲುಗಲಿಲ್ಲ. ಅಂದರೆ ರ‍್ಯಾಕ್ ನಿರ್ದೋಷಿ, ಟೈರುಗಳೂ ನಿರ್ದೋಷಿ. ದೋಷ ಇರುವುದು ಒಂದೋ ಹೊಸ ಚಕ್ರದಲ್ಲಿ, ಇಲ್ಲವೇ ಅದು ಕಾರಿಗೆ ಕೂತ ರೀತಿಯಲ್ಲಿ.

ಆದರೆ ಹೊಸ ಚಕ್ರಗಳನ್ನು ಬಿಚ್ಚುವಾಗ ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಮುಂದಿನ ಎಡ ಚಕ್ರದ ನಾಲ್ಕು ನಟ್‌ಗಳಲ್ಲಿ ಒಂದು ಸ್ಪ್ಯಾನರ್ ಇಲ್ಲದೆ, ಬೆರಳಿಗೇ ತಿರುಗಿತು. ಅದೇ ಚಕ್ರದ ಮೇಲೆ ನಾನು ಮೂರು ವಾರ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಿದ್ದೆ. ಆ ಸಂಜೆ ಮನೆಯಲ್ಲಿ ಯಾರಿಗೂ ಅದನ್ನು ಹೇಳುವ ಧೈರ್ಯ ಆಗಲಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ತಿರುಗುವ ಚಕ್ರದ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಒಂದು ಸಣ್ಣ ನಿಂಬೆಹಣ್ಣಿನಷ್ಟು ತೂಕ. ಅದು ಹೊರಕ್ಕೆ ಸೆಳೆಯುವ ಬಲವೆಂದರೆ ದ್ರವ್ಯರಾಶಿ, ತ್ರಿಜ್ಯ, ಕೋನೀಯ ವೇಗದ ವರ್ಗ, ಈ ಮೂರರ ಗುಣಲಬ್ಧ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ನಮ್ಮ ಟೈರಿನ ತ್ರಿಜ್ಯ ಸುಮಾರು 0.29 ಮೀಟರ್. ಆದ್ದರಿಂದ ಕೋನೀಯ ವೇಗ ಸೆಕೆಂಡಿಗೆ ಸುಮಾರು 86 ರೇಡಿಯನ್. ಉಕ್ಕಿನ ಅಂಚಿನ ತ್ರಿಜ್ಯ 0.178 ಮೀಟರ್. ಗುಣಿಸಿ ನೋಡಿ, ಉತ್ತರ ಸುಮಾರು 40 ನ್ಯೂಟನ್. ನಿಂತಾಗ ನಿಂಬೆಹಣ್ಣಾಗಿದ್ದದ್ದು ಓಡುವಾಗ 4 ಕಿಲೋ ತೂಕದ ಕಲ್ಲಿನಂತೆ ಎಳೆಯುತ್ತದೆ. ಅದೂ ಸೆಕೆಂಡಿಗೆ ಸುಮಾರು 14 ಸಲ, ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಹಿಂದಕ್ಕೆ. ವೇಗ 45ಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಊರೊಳಗೆ ನಡುಕ ತಿಳಿಯದಿದ್ದುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಅನುರಣನೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ತಳ್ಳುವಿಕೆಗೂ ಎತ್ತರಕ್ಕೆ ಏರುತ್ತದೆ. ಕಾರಿನ ಚಕ್ರ, ಅದರ ಸ್ಪ್ರಿಂಗು, ಸ್ಟಿಯರಿಂಗ್ ಸರಳುಗಳು ಇವಕ್ಕೂ ತಮ್ಮದೇ ಆದ ಲಯ ಉಂಟು. ಸಾಮಾನ್ಯವಾಗಿ ಅದು ಸೆಕೆಂಡಿಗೆ 10ರಿಂದ 15 ಸಲ. ಚಕ್ರದ ಸುತ್ತು ಆ ಲಯಕ್ಕೆ ಕೂಡಿದಾಗ ನಡುಕ ಹೆಚ್ಚುತ್ತದೆ, ದಾಟಿದರೆ ತಗ್ಗುತ್ತದೆ. ನಡುಕ ನಿಂತಿತೆಂದು ಇನ್ನಷ್ಟು ವೇಗವಾಗಿ ಓಡಿಸುವವರು ಬಲ ಬೆಳೆಯುತ್ತಲೇ ಇದೆ ಎಂಬುದನ್ನು ಮರೆತಿರುತ್ತಾರೆ.

ಸರಿ, ಯಂತ್ರ ಏಕೆ ಸೊನ್ನೆ ತೋರಿಸಿತು? ಯಂತ್ರ ಸುಳ್ಳು ಹೇಳಲಿಲ್ಲ. ಕುಂಬಾರ ತಿಗರಿಯ ಮೇಲೆ ಮಣ್ಣಿನ ಮುದ್ದೆ ಇಡುವುದನ್ನು ನೋಡಿದ್ದೀರಾ? ಮುದ್ದೆ ಎಷ್ಟೇ ದುಂಡಗಿರಲಿ, ತಿಗರಿಯ ನಡುವಿನಿಂದ ಒಂದಿಷ್ಟು ಸರಿದು ಕೂತರೆ ಕೈಯನ್ನು ತಳ್ಳುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಅದರ ನಡು ರಂಧ್ರದಲ್ಲಿ ಶಂಕುವಿನಿಂದ ಹಿಡಿದು, ಆ ರಂಧ್ರದ ಕೇಂದ್ರದ ಸುತ್ತ ತಿರುಗಿಸುತ್ತದೆ. ಕಾರು ಅದನ್ನು ತನ್ನ ಹಬ್‌ನ ಕೇಂದ್ರದ ಸುತ್ತ ತಿರುಗಿಸುತ್ತದೆ. ಈ ಎರಡು ಕೇಂದ್ರಗಳು ಒಂದೇ ಆಗಿದ್ದರೆ ಮಾತ್ರ ಯಂತ್ರದ ಸೊನ್ನೆ ಕಾರಿಗೂ ಸೊನ್ನೆ.

ನಮ್ಮ ಹಳೆಯ ಚಕ್ರದ ನಡು ರಂಧ್ರ 56.1 ಮಿ.ಮೀ. ಕಾರಿನ ಹಬ್ ಕೂಡ ಅಷ್ಟೇ. ಡಬ್ಬಿಗೆ ಮುಚ್ಚಳದಂತೆ ಕೂರುತ್ತಿತ್ತು. ಹೊಸ ಚಕ್ರಗಳನ್ನು ಹಲವು ಕಾರುಗಳಿಗೆ ಹೊಂದಲೆಂದು 73.1 ಮಿ.ಮೀ. ರಂಧ್ರ ಕೊರೆದು ಮಾಡಿದ್ದರು. ಸುತ್ತಲೂ 8.5 ಮಿ.ಮೀ. ಖಾಲಿ. ಹಾಗಾದಾಗ ಚಕ್ರವನ್ನು ನಡುವಿಗೆ ತರುವ ಕೆಲಸವೆಲ್ಲ ನಾಲ್ಕು ನಟ್‌ಗಳದೇ. ಆ ನಟ್‌ಗಳೂ ಹಳೆಯವೇ. ಅವುಗಳ ತುದಿ ಗೋಳಾಕಾರ, ಹೊಸ ಚಕ್ರದ ಕುಳಿಗಳು ಶಂಕುವಿನಾಕಾರ. ಗೋಳ ಶಂಕುವಿನಲ್ಲಿ ಕೂತರೆ ಮುಟ್ಟುವುದು ತೆಳ್ಳನೆಯ ಒಂದು ಗೆರೆ ಮಾತ್ರ. ಹಾಗೆ ಕೂತ ನಟ್ ಚಕ್ರವನ್ನು ನಡುವಿಗೂ ತರುವುದಿಲ್ಲ, ಬಿಗಿಯಾಗಿಯೂ ಉಳಿಯುವುದಿಲ್ಲ. ಬೆರಳಿಗೇ ತಿರುಗಿದ ನಟ್‌ನ ರಹಸ್ಯ ಇದೇ.

ಚಕ್ರ ಅರ್ಧ ಮಿಲಿಮೀಟರ್ ಸರಿದರೆ ಏನು ಮಹಾ ಎನ್ನಬೇಡಿ. ಟೈರ್ ಸೇರಿ ಚಕ್ರದ ತೂಕ 15 ಕಿಲೋ ಇದ್ದರೆ, ಅರ್ಧ ಮಿಲಿಮೀಟರ್ ಸರಿತ ಅಂಚಿನಲ್ಲಿ 42 ಗ್ರಾಂ ಅಂಟಿಸಿದ್ದಕ್ಕೆ ಸಮ. ಹದಿನೈದನ್ನು 0.0005ರಿಂದ ಗುಣಿಸಿ, 0.178ರಿಂದ ಭಾಗಿಸಿ ನೀವೇ ನೋಡಿಕೊಳ್ಳಿ. ಸಾಲದ್ದಕ್ಕೆ ಟೈರು ಹಬ್‌ನ ಸುತ್ತ ನಡು ತಪ್ಪಿ ತಿರುಗುವುದರಿಂದ, ರಸ್ತೆಯ ಮೇಲೆ ಅದು ದುಂಡಗಿಲ್ಲದ ಚಕ್ರದಂತೆ ಕುಣಿಯುತ್ತದೆ.

ಇದನ್ನು ಕಣ್ಣಿಗೆ ತೋರಿಸಿಕೊಟ್ಟವನೂ ಆ ಹುಡುಗನೇ. ಹೊಸ ಚಕ್ರವನ್ನು ಮತ್ತೆ ಹಾಕಿ, ಜಾಕ್ ಮೇಲೆ ಎತ್ತಿ, ಇಟ್ಟಿಗೆಯ ಮೇಲೆ ಒಂದು ಚಾಕ್‌ಪೀಸ್ ಆನಿಸಿ ಅಂಚಿನ ಹತ್ತಿರಕ್ಕೆ ತಂದ. ಚಕ್ರವನ್ನು ನಿಧಾನವಾಗಿ ಕೈಯಿಂದ ತಿರುಗಿಸಿದಾಗ ಬಿಳಿ ಗೆರೆ ಒಂದು ಕಡೆ ಮಾತ್ರ ಬಿತ್ತು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಅದೇ ಪ್ರಯೋಗ ಮಾಡಿದಾಗ ಗೆರೆ ಸುತ್ತಲೂ ಸಮವಾಗಿ ಬಿತ್ತು. ಹಾಗಾದರೆ ಚಕ್ರ ಡೊಂಕಲ್ಲ, ಕೂತ ಜಾಗ ಸರಿಯಿಲ್ಲ.

ಚಿಕಿತ್ಸೆ ಬಹಳ ಅಗ್ಗವಾಗಿತ್ತು. ಹೊರಗೆ 73.1, ಒಳಗೆ 56.1 ಮಿ.ಮೀ. ಇರುವ ನಾಲ್ಕು ಉಂಗುರಗಳು, ಶಂಕುವಿನ ತುದಿಯ 16 ನಟ್‌ಗಳು. ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಒಂದು ಬಿಟ್ಟು ಎದುರಿನದು ಎಂಬ ಕ್ರಮದಲ್ಲಿ ಕೂರಿಸಿ, ಇಳಿಸಿದ ಮೇಲೆ ಕೈಪಿಡಿ ಹೇಳುವ 108 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆವು. 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದೆವು. ಘಾಟಿ ಇಳಿದು ಬಂದೆವು. ಸ್ಟಿಯರಿಂಗ್ ಸುಮ್ಮನಿತ್ತು.

ಎಲ್ಲ ನಡುಕಗಳ ಮೂಲವೂ ಇದೇ ಎಂದು ತಿಳಿಯಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮೊದಲು ಬ್ರೇಕಿನ ಡಿಸ್ಕ್ ನೋಡಬೇಕು. 30–40ರ ನಿಧಾನದಲ್ಲೇ ಕಾರು ಓಲಾಡಿದರೆ ಡೊಂಕಾದ ಚಕ್ರವನ್ನೋ ಒಳಗೆ ಹರಿದ ಟೈರನ್ನೋ ಸಂಶಯಿಸಿ. ಕಾರು ಒಂದು ಕಡೆಗೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆದರೆ ಅದು ಅಲೈನ್‌ಮೆಂಟಿನ ವಿಷಯ. ನಡುಕ ಸೀಟಿನಲ್ಲಿ ತಿಳಿದರೆ ಹಿಂದಿನ ಚಕ್ರ, ಕೈಯಲ್ಲಿ ತಿಳಿದರೆ ಮುಂದಿನ ಚಕ್ರ ಎಂಬುದು ಸಾಮಾನ್ಯ ಲೆಕ್ಕ. ಮುಂದಿನದನ್ನು ಹಿಂದಕ್ಕೆ ಹಾಕಿದಾಗ ನಡುಕವೂ ಕೈಯಿಂದ ಸೀಟಿಗೆ ಹೋದರೆ ಕಳ್ಳ ಆ ಚಕ್ರದ ಜೊತೆಗೇ ಇದ್ದಾನೆ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ರೋಗ ಹೋದರೂ ಕಾರಣ ತಿಳಿಯುವುದಿಲ್ಲ.

ಕಾರಿಲ್ಲದವರು ಮನೆಯ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಮುಂದಿನ ಚಕ್ರವನ್ನು ಮೆಲ್ಲನೆ ಬಿಡಿ. ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಕಡ್ಡಿಗೆ ಒಂದು ನಟ್ಟನ್ನು ಭದ್ರವಾಗಿ ಕಟ್ಟಿ ಕೈಯಿಂದ ಜೋರಾಗಿ ತಿರುಗಿಸಿದರೆ ಇಡೀ ಸೈಕಲ್ ಕುಣಿಯುವುದು ಕಾಣುತ್ತದೆ. ಮುಖ ಮಾತ್ರ ದೂರವಿರಲಿ. ಕಾರಿನ ಜಾಕ್ ಕೆಲಸಕ್ಕೆ ತಿಳಿದ ಹಿರಿಯರಿಲ್ಲದೆ ಕೈ ಹಾಕಬೇಡಿ.

ಅಳತೆಯ ಉಪಕರಣವೊಂದು ಸೊನ್ನೆ ತೋರಿಸಿದಾಗ, ಯಾವ ಕೇಂದ್ರದಿಂದ ಅಳೆದ ಸೊನ್ನೆ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಪದವಿ ಪಡೆದ ನಾನು ಅದನ್ನು ಕೇಳಲಿಲ್ಲ. ಎಸ್.ಎಸ್.ಎಲ್.ಸಿ.ಗೆ ಶಾಲೆ ಬಿಟ್ಟ ಹುಡುಗ ಕೇಳಿದ. ಈಗ ಯಾರೇ ಚಕ್ರ ಬದಲಾಯಿಸುತ್ತೇನೆಂದರೂ ನಾನು ಮೊದಲು ಅವರನ್ನು ಅವನ ಅಂಗಡಿಗೇ ಕಳಿಸುತ್ತೇನೆ.